ಸಂಪಿನ ಮೂರನೇ ಕೋಣೆ

ಶಿವಾರಪಟ್ಟಣ
೧೪ ಜುಲೈ ೨೦೨೪

ನಂದೀಶ್ ಅವರಿಗೆ,

ರಮಾದೇವಿಯ ನಮಸ್ಕಾರ. ಮೊದಲಾದರೆ ಕಾಗದದ ತಲೆಯಲ್ಲಿ ‘ರೀ’ ಎಂದು ಒಂದೇ ಅಕ್ಷರ ಬರೆಯುತ್ತಿದ್ದೆ, ಮಿಕ್ಕದ್ದು ನಿಮಗೇ ತಿಳಿಯುತ್ತಿತ್ತು. ಈಗ ವಕೀಲರ ಮೂಲಕ ಮಾತಾಡುವ ನಂಟು ನಮ್ಮದು. ಅದಕ್ಕೇ ಪೂರ್ತಿ ಹೆಸರು ಬರೆದಿದ್ದೇನೆ.

ನೀವು ಕಳಿಸಿದ ವಿಚ್ಛೇದನದ ಕಾಗದ ಗುರುವಾರ ಬಂತು. ಬೇರೆಯಾಗುವುದಕ್ಕೆ ನನ್ನದೇನೂ ಅಡ್ಡಿಯಿಲ್ಲ. ರುಜು ಹಾಕಲು ಪೆನ್ನು ಹಿಡಿದೇ ಕೂತಿದ್ದೆ. ನಾಲ್ಕನೇ ಪ್ಯಾರಾ ಓದಿ ಕೆಳಗಿಟ್ಟೆ. ‘ಪತಿಯ ಹವಳದ ತೊಟ್ಟಿಯ ಮೇಲಿನ ಹೊಟ್ಟೆಕಿಚ್ಚಿನಿಂದ ಪತ್ನಿಯು ವಿಷದ ಅಂಟು ಬಳಸಿ, ಅದರಲ್ಲಿದ್ದ ಜೀವಗಳ ಸಾವಿಗೆ ಕಾರಣಳಾದಳು.’ ಭೇಷ್! ಅಲ್ಲಾ, ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುವವರು ಇದನ್ನು ಓದಿ ನೋಡಿಯೇ ಕಳಿಸಿದಿರಾ?

ಆ ಅಂಟಿನ ಕಥೆ ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ. ಸಮುದ್ರದ ಮೀನು, ಹವಳ ಸಾಕುವ ಹುಚ್ಚು ಹತ್ತಿದ್ದು ನಿಮಗೆ. ಕೋಲಾರದ ಮನೆಯ ಹಜಾರದಲ್ಲಿ ದೊಡ್ಡ ಗಾಜಿನ ತೊಟ್ಟಿ ಇಟ್ಟಿರಿ. ಅದರ ನೀರು ಕೆಳಗಿಳಿದು, ಸೋಸಿ, ಮತ್ತೆ ಮೇಲೇರಲು ಅಡಿಯಲ್ಲಿ ಇನ್ನೊಂದು ತೊಟ್ಟಿ ಬೇಕು, ಅದಕ್ಕೂ ಸಂಪ್ ಅಂತಲೇ ಹೆಸರು ಎಂದಿರಿ. ಅಟ್ಟದ ಮೇಲೆ ನಮ್ಮ ಹಳೆಯ ಅಕ್ರಿಲಿಕ್ ಅಕ್ವೇರಿಯಂ ಇತ್ತಲ್ಲ, ಮದುವೆಯಾದ ವರ್ಷ ಗೋಲ್ಡ್‌ಫಿಶ್ ಬಿಟ್ಟಿದ್ದು, ಅದನ್ನೇ ಇಳಿಸಿದೆವು. ಅದರ ಮೈಮೇಲಿನ ಗೀರುಗಳು ಮಾತ್ರ ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಪ್ಲಾಸ್ಟಿಕ್ಕಿನ ಜಾತಿ ಅಂತ ಗೊತ್ತಿಲ್ಲದೆ ಪಾತ್ರೆ ತಿಕ್ಕುವ ನಾರಿನಲ್ಲಿ ಉಜ್ಜಿದ್ದೆ.

ಒಳಗೆ ಮೂರು ಕೋಣೆ ಮಾಡಬೇಕಿತ್ತು. ಮೊದಲನೆಯದರಲ್ಲಿ ಕಸ ಸೋಸುವ ಚೀಲ, ಎರಡನೆಯದರಲ್ಲಿ ನೊರೆ ತೆಗೆಯುವ ಯಂತ್ರ, ಮೂರನೆಯದರಲ್ಲಿ ನೀರು ಮೇಲೆತ್ತುವ ಮೋಟಾರು. ನೀವು ಸಿಲಿಕಾನ್ ತಂದಿರಿ. ಅದು ಗಾಜನ್ನು ಹಿಡಿಯುತ್ತದೆ, ಅಕ್ರಿಲಿಕ್ಕನ್ನು ಹಿಡಿಯುವುದಿಲ್ಲ ಅಂತ ವಾಪಸ್ ಕಳಿಸಿದವಳು ನಾನು. ಅಪ್ಪನ ಮಟ್ಟಗೋಲು ತರಿಸಿ, ಗೆರೆ ಎಳೆದು, ಹಲಗೆ ಕೊಯ್ದು, ಅಂಚನ್ನು ಅಂಗೈಯಷ್ಟು ನುಣುಪಾಗುವ ತನಕ ಉಜ್ಜಿದೆ. ಕಲ್ಲು ಕೆತ್ತುವವರ ಮನೆಯ ಮಗಳು, ನನಗೆ ಬೇರೆ ರೀತಿ ಬರುವುದಿಲ್ಲ. ಅಕ್ರಿಲಿಕ್ಕಿನದೇ ಅಂಟನ್ನು ಸಿರಿಂಜಿನಲ್ಲಿ ಸಂದಿಗೆ ಬಿಟ್ಟೆ. ಹದಿನೈದು ದಿನ ನೀರು ತುಂಬಿ, ಚೆಲ್ಲಿ, ಮತ್ತೆ ತುಂಬಿದೆ. ಒಂದು ಹನಿ ಸೋರಲಿಲ್ಲ. ನೀವು ನನ್ನ ಬೆರಳು ಹಿಡಿದು, ಎಂಥಾ ಕೈ ಕಣೇ ನಿಂದು ಅಂದಿರಿ. ಎಂಟು ವರ್ಷದ ಸಂಸಾರದಲ್ಲಿ ಅದೊಂದು ಮಾತು ನಾನು ಎತ್ತಿಟ್ಟುಕೊಂಡಿದ್ದೆ.

ಉಪ್ಪುನೀರು ತುಂಬುವ ದಿನ ಹೋಳೂರಿನಿಂದ ಅತ್ತೆ ಬಂದಿದ್ದರು. ನಿಮ್ಮ ಊರ ಕಡೆ ಹೊಸ ಬಾವಿಗಾಗಲಿ ತೊಟ್ಟಿಗಾಗಲಿ ನೀರು ಬಂದರೆ ಅರಿಸಿನ ಕುಂಕುಮ ಇಟ್ಟು ಕಾಸು ಹಾಕುವ ಪದ್ಧತಿ ತಾನೆ? ‘ನಾಯ್ನಾ, ಹೊಸ ನೀರು ತುಂಬ್ತಾ ಇದೀಯ, ಗಂಗಮ್ಮನಿಗೆ ಒಂದು ತಾಮ್ರದ ಕಾಸು ಹಾಕಪ್ಪ’ ಅಂದರು. ನೀವು ಎಲ್ಲರೆದುರು ರೇಗಿದಿರಿ. ತಾಮ್ರ ಬಿದ್ದರೆ ಮೀನು ತಡಕೊಳ್ಳುತ್ತೆ, ಹವಳ, ಸೀಗಡಿ ಒಂದೂ ಉಳಿಯಲ್ಲ, ನಿನ್ನ ಮೂಢನಂಬಿಕೆ ಹೋಳೂರಲ್ಲೇ ಇಟ್ಕೋ ಅಂದಿರಿ. ಅತ್ತೆ ಊಟ ಬಿಟ್ಟು ಹಿತ್ತಲಲ್ಲಿ ಕೂತು ಅತ್ತರು. ನಾನು ಸಮಾಧಾನ ಮಾಡಲು ಹೋದೆ. ತೊಟ್ಟಿಯ ಹತ್ತಿರ ನೀವೊಬ್ಬರೇ ಇದ್ದಿರಿ.

ಆಮೇಲೆ ಆದದ್ದು ಇಬ್ಬರಿಗೂ ಗೊತ್ತು. ಹವಳ, ಸೀಗಡಿ, ಮೀನು ಬಿಟ್ಟ ನಾಲ್ಕನೇ ದಿನ ಸೀಗಡಿ ಮಗುಚಿ ಬಿತ್ತು. ಬಸವನಹುಳುಗಳು ಗಾಜಿನಿಂದ ಕಳಚಿ ಬಿದ್ದವು. ವಾರ ಕಳೆಯುವುದರೊಳಗೆ ಹವಳವೆಲ್ಲ ಬೆಳ್ಳಗಾಗಿ ಮನೆ ಗಬ್ಬು ನಾರಿತು. ನೀವು ಒಮ್ಮೆಯೂ ತಡವರಿಸದೆ, ಇವಳ ಅಂಟು ಕಣ್ರೀ, ಅದೇ ವಿಷ ಆಯ್ತು ಅಂದಿರಿ. ಬಂದ ನೆಂಟರಿಗೆಲ್ಲ ಅದನ್ನೇ ಹೇಳಿದಿರಿ. ಆದರೆ ಮೀನುಗಳು ಬದುಕಿದವಲ್ಲ? ಅಂಟು ವಿಷವಾಗಿದ್ದರೆ ಅವನ್ನು ಮಾತ್ರ ಯಾಕೆ ಬಿಟ್ಟಿತು? ಇದನ್ನು ನಾನು ಕೇಳಿದ್ದೆ. ಅವತ್ತೇ ನೀವು ನನ್ನ ಜೊತೆ ಮಾತು ಬಿಟ್ಟಿರಿ.

ಅದೇ ವಾರ ನಿಮ್ಮ ಸ್ಕೂಟರ್ ಬೀಗದ ಕೈಯಲ್ಲಿ ತೂಗುತ್ತಿದ್ದ ತೂತು ಕಾಸು ಕಳೆದುಹೋಗಿತ್ತು, ನೆನಪಿದೆಯಾ? ಚಿಕ್ಕಂದಿನಲ್ಲಿ ಅಜ್ಜಿ ನಿಮ್ಮ ಉಡಿದಾರಕ್ಕೆ ಕಟ್ಟಿದ್ದ ತಾಮ್ರದ ಕಾಸು. ಕೇಳಿದರೆ, ಬಂಗಾರಪೇಟೆ ರಸ್ತೆಯಲ್ಲಿ ಎಲ್ಲೋ ಬಿತ್ತು ಅಂದಿರಿ. ನನ್ನ ಮೇಲೆ ಅಷ್ಟು ಸಿಟ್ಟಿದ್ದರೂ ನೀವು ಪೆಚ್ಚಾಗಿ ಕೂತದ್ದು ನೋಡಲಾಗದೆ ನಾನು ಮಂಚದಡಿ, ಸೋಫಾ ಸಂದಿ, ವಾಷಿಂಗ್ ಮೆಷಿನ್ ಹಿಂದೆಲ್ಲ ಎರಡು ದಿನ ಹುಡುಕಿದೆ. ಥೂ, ಎಂಥಾ ದಡ್ಡಿ ನಾನು!

ಕೊನೆಗೆ ಜಗಳ ಮಿತಿಮೀರಿ, ನಿನ್ನ ಡಬ್ಬ ಎತ್ಕೊಂಡು ಅಪ್ಪನ ಮನೆಗೆ ನಡಿ ಅಂದಿರಿ. ಆ ಸಂಪನ್ನೇ ಎತ್ತಿಕೊಂಡು ಬಂದೆ. ಈಗ ಅದರಲ್ಲಿ ಅಪ್ಪ ಉಳಿ ಮಸೆಯುವ ನೀರು ತುಂಬಿಡುತ್ತಾರೆ. ಎರಡು ವರ್ಷವಾಯಿತು, ಇವತ್ತಿಗೂ ಸೋರಿಲ್ಲ. ಇಲ್ಲಿನವರು ನನಗೂ ವಿಗ್ರಹಗಳ ನುಣುಪಿನ ಕೆಲಸ ಕೊಡುತ್ತಾರೆ. ನನ್ನ ಕೈಯನ್ನು ನಂಬಿಯೇ ಕೊಡುತ್ತಾರೆ. ಆ ಕೈ ಜೀವ ತೆಗೆಯಿತು ಎಂದು ಬರೆದ ಕಾಗದಕ್ಕೆ ಅದೇ ಕೈಯಿಂದ ರುಜು ಹಾಕಬೇಕಾ? ಸಾಧ್ಯವಿಲ್ಲ.

ನನಗೆ ನಿಮ್ಮಿಂದ ಬೇರೇನೂ ಬೇಡ. ನಾಲ್ಕನೇ ಪ್ಯಾರಾ ತೆಗೆಸಿ ಕಳಿಸಿ, ಅವತ್ತೇ ರುಜು ಹಾಕುತ್ತೇನೆ. ತೆಗೆಸದಿದ್ದರೆ ಕೋರ್ಟಿಗೆ ಬಂದು, ಮೀನು ಯಾಕೆ ಬದುಕಿತು, ಹವಳ ಯಾಕೆ ಸತ್ತಿತು ಎಂದು ಎಲ್ಲರೆದುರು ನಿಮ್ಮನ್ನೇ ಕೇಳುತ್ತೇನೆ. ಅತ್ತೆಗೆ ಇದಾವುದೂ ತಿಳಿಯುವುದು ಬೇಡ, ಪಾಪ.

ಇನ್ನೂ ನಿಮ್ಮ ಹೆಂಡತಿಯೇ ಆದ,
ರಮಾದೇವಿ

ತಾ.ಕ.: ಇದು ಮರೆತು ಬರೆದದ್ದಲ್ಲ, ಬೇಕೆಂದೇ ಕೊನೆಗೆ ಉಳಿಸಿದ್ದು. ಲಕೋಟೆಯೊಳಗೆ ಹತ್ತಿಯಲ್ಲಿ ಸುತ್ತಿರುವುದು ನಿಮ್ಮ ತೂತು ಕಾಸು. ಬಂಗಾರಪೇಟೆ ರಸ್ತೆಯಲ್ಲಿ ಸಿಕ್ಕಿದ್ದಲ್ಲ. ಹೊರಡುವ ದಿನ ಸಂಪನ್ನು ಬಿಚ್ಚುವಾಗ ಮೂರನೇ ಕೋಣೆಯಲ್ಲಿ, ಮೋಟಾರಿನ ಅಡಿಯಲ್ಲಿ ಹಸಿರುಗಟ್ಟಿ ಕೂತಿತ್ತು. ಅಮ್ಮ ಅತ್ತಳಲ್ಲ, ಒಂದು ಕಾಸಿಗೆ ಏನಾದೀತು ಅಂತ ಹಾಕಿರುತ್ತೀರಿ. ಅಷ್ಟು ಹೇಳಿದ್ದರೆ ನಗುತ್ತಿದ್ದೆ ಕಣ್ರೀ, ಮತ್ತೆ ಉಪ್ಪುನೀರು ಕಲಸುತ್ತಿದ್ದೆ. ಗೂಡ್ಸ್ ಆಟೋ ಹೊರಡುವಾಗ ಆ ಕಾಸು ನನ್ನ ಮುಷ್ಟಿಯಲ್ಲೇ ಇತ್ತು. ನೀವು ಗೇಟಿನ ತನಕ ಬಂದಿರಿ. ಈಗಲಾದರೂ ಹೇಳುತ್ತೀರಿ ಅಂತ ಆಟೋ ಹತ್ತದೆ ನಿಂತೆ. ಮನೆ ಬೀಗದ ಕೈ ಕೊಟ್ಟು ಹೋಗು ಅಂದಿರಿ.