ಮಾನ್ಯ ಪೀಪಾಯಿಗಳೇ

ಮಾರ್ಚ್ ೧೪, ಮಂಗಳವಾರ

ನಾಳೆ ಅಪ್ಪ ದೋಣಿ ಮಾರಿಬಿಡುತ್ತಾನಲ್ಲ ಎಂಬ ಕೊರಗಿನಲ್ಲೇ ಎದ್ದೆ. ಮೀನು ಮರಿ ಮಾಡಲೆಂದು ಸರ್ಕಾರ ಕೊಲ್ಲಿಯಲ್ಲಿ ಬಲೆ ಬಿಡುವುದನ್ನು ನಿಷೇಧಿಸಿ ಮೂರು ವರ್ಷ. ಅಂದಿನಿಂದ ಕೊಲ್ಲಿಯ ಹೊರಗೆ ಅಪ್ಪನಿಗೆ ಸಿಕ್ಕಿದ್ದು ಬರೀ ಪಾಚಿ. ಬಲೆಗೆ ನಾನು ಶ್ರದ್ಧಾಂಜಲಿ ಭಾಷಣವನ್ನೂ ಮಾಡಿದ್ದೆ, ಅಪ್ಪ ನಗಲಿಲ್ಲ.

ಇವತ್ತು ನಿಷೇಧದ ಗಡಿ ತೋರಿಸಲು ತೇಲಿಬಿಟ್ಟ ಹಳದಿ ಪೀಪಾಯಿಗಳ ಹೊರಗೆ, ಕೊನೆಯ ಸಲವೆಂದು ಬಿಟ್ಟ ಬಲೆ ಎಳೆಯುವಷ್ಟರಲ್ಲಿ ಇಬ್ಬರಿಗೂ ಏದುಸಿರು. ಒಂದೊಂದು ಮೀನೂ ನನ್ನ ತೋಳುದ್ದ!

“ಒಳಗೆ ಬೆಳೆದವು ಅಪ್ಪಾ, ಜಾಗ ಸಾಲ್ದೆ ಹೊರಗೆ ಬಂದಿವೆ.”

“ಸುಮ್ನಿರೋ. ದಾರಿ ತಪ್ಪಿ ಬಂದಿರ್ತವೆ.”

ಆದರೂ ದಡ ಸೇರಿದ ಕೂಡಲೇ ಕೊಳ್ಳುವವನಿಗೆ ಫೋನ್ ಮಾಡಿ, “ದೋಣಿ ಕೊಡಲ್ಲ ಕಣಯ್ಯಾ” ಎಂದ.

“ದಾರಿ ತಪ್ಪಿದೋರು ದಿನಾ ಬರ್ಲಿ,” ಅಂದಳು ದಡದಲ್ಲಿ ನನ್ನಿಂದ ಎಲ್ಲ ಕೇಳಿದ ಅಮ್ಮ.

“ಮಾನ್ಯ ಪೀಪಾಯಿಗಳೇ,” ಎಂದು ನಾನು ವಂದನಾರ್ಪಣೆಗೆ ಎದ್ದು ನಿಂತೆ. ಅಪ್ಪ ನಕ್ಕುಬಿಟ್ಟ. ಆ ನಗು ಕೇಳಿ ಮುಂದಿನ ಮಾತು ನನಗೇ ಮರೆತುಹೋಯಿತು. ಈಗಲೂ ನೆನಪಾಗುತ್ತಿಲ್ಲ.