ಜಾರುವ ಮಂಜಿಗೆ ಒಂದು ಹೆಸರು ಬೇಕು

ಫೆಬ್ರವರಿ ೩೦, ೨೩೮೬
ಹೊಸ ಹುಣಸಿಹಾಳ, ಹಿಮಾಲಯ
ನೀಲಗಂಗವ್ವ ಬರೆದದ್ದು

ಹಿಂದಿನ ಕಾಲದವರೇ,

ಬರೆಯುವುದು ನನ್ನ ಕೆಲಸವಲ್ಲ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ಆದರೂ ಊರ ಪಂಚರು, ‘ಕೂಗಿದವಳು ನೀನು, ನೀನೇ ಬರಿ’ ಎಂದು ಹಾಳೆ ಕೈಗಿಟ್ಟು ಹೋದರು. ಮೂರು ದಿನದಿಂದ ಬೆರಳು ನೋಯುತ್ತಿವೆ. ನಮ್ಮ ಫೆಬ್ರವರಿಗೆ ಮೂವತ್ತು ದಿನ, ನಗಬೇಡಿ. ನನ್ನ ಮಾತು ವಿಚಿತ್ರ ಅನಿಸಿದರೆ ಕ್ಷಮಿಸಿ. ಇದಕ್ಕಿಂತ ನಯವಾಗಿ ನನಗೆ ಬರುವುದಿಲ್ಲ.

ಬಯಲಿನ ಬಿಸಿಲು ತಾಳದೆ ನಮ್ಮ ಹಿರಿಯರು ಈ ಬೆಟ್ಟಕ್ಕೆ ಬಂದರು. ಜೋಳದ ರೊಟ್ಟಿ ತಂದರು, ಕನ್ನಡ ತಂದರು, ಚಳಿಗೆ ಬೇಕಾದ ಪದ ಮಾತ್ರ ತರಲಿಲ್ಲ. ಬೇಸಿಗೆಯಲ್ಲಿ ಇಲ್ಲಿ ಬೆಟ್ಟ ಕಲ್ಲುದುರಿಸುತ್ತದೆ, ಯಾರೂ ಹೊರಗೆ ಕಾಲಿಡುವಂತಿಲ್ಲ. ಚಳಿಗಾಲದಲ್ಲಿ ಎಲ್ಲ ಹೆಪ್ಪುಗಟ್ಟಿ, ಕಲ್ಲು ತೆಪ್ಪಗೆ ಕೂತಾಗಲೇ ನಮ್ಮ ನೆಂಟರ ಮನೆ, ಮದುವೆ, ತೊಟ್ಟಿಲು ಎಲ್ಲ. ಸಾಲಾಗಿ ನಡೆಯುತ್ತೇವೆ. ಮುಂದೆ ಕೋಲು ಕುಟ್ಟುತ್ತ ದಾರಿ ನೋಡುವವಳಿಗೆ ಮುಂಗೋಲು ಎನ್ನುತ್ತೇವೆ, ಕೊನೆಯವಳಿಗೆ ಹಿಂಗಂಟು. ಮುಂಗೋಲು ಒಂದೇ ಪದ ಕೂಗಬೇಕು. ಎರಡನೆಯದನ್ನು ಗಾಳಿ ತಿನ್ನುತ್ತದೆ.

ಹೋದ ವಾರ ಅಣ್ಣನ ಮೊಮ್ಮಗಳ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬಬೇಕೆಂದು ಪಕ್ಕದೂರಿಗೆ ಐವರು ಹೊರಟೆವು. ನಾನು ಮುಂಗೋಲು, ತಂಗಿ ಮಲಕವ್ವ ಹಿಂಗಂಟು. ತಿರುವಿನ ಬಂಡೆಯ ಮೇಲೆ ಗಾಜಿನಂತೆ ತೆಳ್ಳಗೆ ಕಟ್ಟಿದ್ದು ಕಂಡಿತು. ‘ಮಂಜು!’ ಎಂದು ಕೂಗಿದೆ.

ನೋಡಿ ನೀವು ಮಾಡಿಟ್ಟ ಕೆಲಸ. ಕಣ್ಣಿಗೆ ಕವಿಯುವುದಕ್ಕೂ ಮಂಜು, ಕಾಲು ಜಾರಿಸುವುದಕ್ಕೂ ಮಂಜು. ಕಣ್ಣಿನದಾದರೆ ಬೇಗ ಬಂದು ಮುಂದಿನವಳ ಶಾಲು ಹಿಡಿಯಬೇಕು. ಕಾಲಿನದಾದರೆ ಇದ್ದಲ್ಲೇ ಕೂರಬೇಕು. ನಡುವಿನ ಮೂವರು ಬಂಡೆ ನೋಡಿ ಕೂತರು. ತಿರುವಿನ ಆಚೆಗಿದ್ದ ಮಲಕವ್ವ ಓಡಿಬಂದಳು. ನನ್ನ ಕಣ್ಣೆದುರೇ ಜಾರಿ, ಅಂಚು ದಾಟಿ ಕಾಣದಾದಳು.

ತೆವಳಿಕೊಂಡು ಅಂಚಿಗೆ ಹೋದೆ. ಕೆಳಗಿನಿಂದ ದನಿ ಬಂತು: ‘ಯಾವ ಮಂಜು ಅಂತ ಬೊಗಳೇ, ಬಾಯಿಬಡುಕಿ!’

ಅರವತ್ತೆಂಟು ವರ್ಷದಲ್ಲಿ ಅಷ್ಟು ಹಿತವಾದ ಬೈಗುಳ ನಾನು ಕೇಳಿಲ್ಲ. ಇಪ್ಪತ್ತಡಿ ಕೆಳಗೆ ಮೆತ್ತನೆಯ ಹಿಮದ ಗುಂಡಿಯಲ್ಲಿ ಕೂತಿದ್ದಳು. ಹಗ್ಗ ಸಾಲದೆ ಕುಬಸದ ಸೀರೆಯನ್ನೇ ಗಂಟು ಹಾಕಿ ಎಳೆದೆವು. ಮೇಲೆ ಬಂದವಳು ಮೊದಲು ಕೇಳಿದ್ದು, ‘ಸೀರೆ ಹರೀತೇನು?’ ಕಾಲಿನ ಗಿಣ್ಣು ಮುರಿದಿದೆ. ಅವಳನ್ನು ಹೊತ್ತು ವಾಪಸು ಬಂದೆವು. ಈಗ ಒಲೆ ಮುಂದೆ ಕೂತು ನಾಲ್ಕು ರೊಟ್ಟಿ ತಿಂದು ಎಲ್ಲರನ್ನೂ ಬೈಯುತ್ತಿದ್ದಾಳೆ. ಬೈಯಲಿ. ಅದನ್ನು ಕೇಳುತ್ತಿದ್ದರೇ ನನಗೆ ಅನ್ನ ಗಂಟಲಲ್ಲಿ ಇಳಿಯುತ್ತದೆ.

ಊರವರು ಬೇರೆ ಪದ ಹುಡುಕಿದರು. ಹಿಮ ಎಂದರೆ ಮೆತ್ತನೆಯದು, ಕಾಲು ಊರಬಹುದು, ಅದಲ್ಲ. ಮಂಜುಗಡ್ಡೆ ಎಂದರೆ ಬಾಲವನ್ನು ಗಾಳಿ ತಿಂದು ಮತ್ತೆ ಮಂಜೇ ಉಳಿಯುತ್ತದೆ, ಬರೀ ಗಡ್ಡೆ ಎಂದರೆ ಉಳ್ಳಾಗಡ್ಡಿ ಚೀಲ ನೋಡುತ್ತಾರೆ. ಐಸ್ ಎಂದರೆ ಮಕ್ಕಳು ನಾಲಿಗೆ ಚಾಚುತ್ತಾರೆ. ಮಲಕವ್ವನ ಹೆಸರನ್ನೇ ಇಡೋಣ ಎಂದವನಿಗೆ ಅವಳು ಲಟ್ಟಣಿಗೆ ಎಸೆದಳು.

ನಮ್ಮ ಪೆಟ್ಟಿಗೆಯಲ್ಲಿ ನಿಮ್ಮ ಕಾಲದ ಒಂದು ಫೋಟೊ ಇದೆ. ಹನ್ನೊಂದು ಜನ, ಬೂಟಿಗೆ ಕಬ್ಬಿಣದ ಹಲ್ಲು, ಹಲ್ಲು ಕಿರಿದು ನಿಂತಿದ್ದೀರಿ. ಹಿಂದೆ ‘ಹುಬ್ಬಳ್ಳಿ ಗೆಳೆಯರು, ಚಳಿಗಾಲದ ಚಾರಣ’ ಎಂದು ಬರೆದಿದೆ. ರಜೆ ಹಾಕಿ, ಬೇಕಂತಲೇ ಈ ಬಂಡೆಗಳ ಮೇಲೆ ನಡೆಯಲು ಬರುತ್ತಿದ್ದಿರಂತೆ. ಹುಚ್ಚರು. ಆದರೆ ಮುಂದಿದ್ದವನು ಹಿಂದಿನವರಿಗೆ ಏನೋ ಒಂದು ಕೂಗಿರಬೇಕಲ್ಲ? ಆ ಪದ ನನಗೆ ಬೇಕು. ಅಯ್ಯಯ್ಯೋ ಬೇಡ, ಅದು ನಮ್ಮಲ್ಲೂ ಇದೆ.

ಕಾಗದ ನಿಮಗೆ ಹೇಗೆ ಮುಟ್ಟುತ್ತದೋ ಪಂಚರಿಗೆ ಗೊತ್ತು. ನೀವು ಎಲ್ಲಾದರೂ ಬರೆದಿಡಿ, ನಾವು ಹುಡುಕಿಕೊಳ್ಳುತ್ತೇವೆ. ಕುಬಸ ಹಾಗೇ ಉಳಿದಿದೆ, ಹುಡುಗಿಗೆ ದಿನ ತುಂಬುತ್ತಿದೆ. ಕಲ್ಲು ಸಡಿಲವಾಗುವ ಮೊದಲು, ಮಾರ್ಚ್ ಇಪ್ಪತ್ತಕ್ಕೆ, ಇನ್ನೊಮ್ಮೆ ಆ ತಿರುವು ದಾಟಬೇಕು. ಮುಂದೆ ನಾನೇ ಇರುತ್ತೇನೆ. ಹದಿನೆಂಟರೊಳಗೆ ಉತ್ತರ ಕೊಡಿ.