ಗದ್ದ ಹಿಡಿದರೆ ಗುರುತು ಸಿಗದ ಊರಿನಿಂದ

ಹುಬ್ಬಳ್ಳಿ
ಬೇಗೆ ತಿಂಗಳ ನಲವತ್ತನೆಯ ದಿನ, 2171

ಚೇಲನಾ ಅಜ್ಜಿಯವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ. ಏಪ್ರಿಲ್, ಮೇ ಎರಡನ್ನೂ ಕೂಡಿಸಿ ನಾವು ಬೇಗೆ ಎಂಬ ಒಂದೇ ತಿಂಗಳು ಮಾಡಿಕೊಂಡಿದ್ದೇವೆ. ಆ ತಿಂಗಳು ಹಗಲು ಹೊತ್ತು ಯಾರೂ ಹೊರಗೆ ಬರುವುದಿಲ್ಲ, ಹಾಗಾಗಿ ಪತ್ರ ಬರೆಯಲು ಬಿಡುವಿದೆ. ನನ್ನ ಮಾತಿನಲ್ಲಿ ನೀವು ಕೇಳಿರದ ಕೆಲವು ಶಬ್ದಗಳು ಬರುತ್ತವೆ, ಕ್ಷಮಿಸಿ; ಬಂದಲ್ಲಿ ಅರ್ಥ ಹೇಳುತ್ತೇನೆ. ನೀವು ನನ್ನ ತಾಯಿಯ ಅಜ್ಜಿಯ ತಾಯಿ. ಆದರೆ ಈ ಪತ್ರ ಯಾರಿಗೆಂದು ಬರೆಯುತ್ತಿದ್ದೇನೋ ಆ ನೀವು ಇನ್ನೂ ಇಪ್ಪತ್ತಾರರ ಹುಡುಗಿ, ನನಗೆ ಐವತ್ತೊಂದು. ಅಜ್ಜಿ ಎಂದು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ.

ನೀವು ಸದ್ಯದಲ್ಲೇ ಗದ್ದ ಮುಂದೆ ತರಿಸಿಕೊಳ್ಳಲು ಹೋಗುವವರಿದ್ದೀರಿ. ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಕಥೆ ಇದು. ಹುಡುಗನ ಕಡೆಯವರಿಗೆ ಕಳಿಸಿದ ಫೋಟೋದಲ್ಲಿ ನೀವೇ ಫೋನಿನಲ್ಲಿ ಬೆರಳಾಡಿಸಿ ಗದ್ದವನ್ನು ಕೊಂಚ ಉದ್ದ ಮಾಡಿದ್ದಿರಿ. ನೋಡಲು ಬಂದ ಹುಡುಗನ ಅತ್ತೆ ಅವಲಕ್ಕಿಯ ತಾಟು ಕೈಯಲ್ಲಿ ಹಿಡಿದು, ‘ಅಲ್ಲವಾ, ಫೋಟೋದಾಗಿನ ಹುಡಿಗಿ ಒಳಗ ಅದಾಳೇನ? ಕರೀರಿ ಮತ್ತ’ ಅಂದರಂತೆ. ಎಲ್ಲರೂ ನಕ್ಕರು, ನೀವೂ ನಕ್ಕಿರಿ. ಆಮೇಲೆ ಫೋಟೋ ಬದಲಿಸುವುದರ ಬದಲು ಮುಖ ಬದಲಿಸುವುದೆಂದು ಗೊತ್ತು ಮಾಡಿದಿರಿ.

ನಿಮಗೆ ಮಾಡಲಿರುವುದು ಏನೆಂದು ನನಗೆ ಚೆನ್ನಾಗಿ ಗೊತ್ತು. ಕೆಳತುಟಿಯ ಒಳಮಗ್ಗುಲಲ್ಲಿ ಕೊಯ್ದು, ಹಲ್ಲಿನ ಬೇರುಗಳಿಗೆ ತಾಗದಂತೆ ದವಡೆಯ ಎಲುಬನ್ನು ಅಡ್ಡಕ್ಕೆ ಗರಗಸದಿಂದ ಸೀಳಿ, ಕೆಳಗಿನ ತುಂಡನ್ನು ಮುಂದಕ್ಕೆ ಜರುಗಿಸಿ, ಮೆಟ್ಟಿಲಿನಂತೆ ಬಾಗಿದ ಲೋಹದ ಪಟ್ಟಿಯಿಂದ ತಿರುಪು ಹಾಕಿ ಬಿಗಿಯುತ್ತಾರೆ. ಸಿಲಿಕೋನಿನ ತುಂಡು ಕೂರಿಸುವುದು ಇನ್ನೂ ಸುಲಭ ಎಂದು ಯಾರೋ ಹೇಳಿರುತ್ತಾರೆ. ಅದು ಜಾರಬಹುದು, ವರ್ಷಗಳು ಕಳೆದಂತೆ ಕೆಳಗಿನ ಎಲುಬನ್ನು ಸವೆಸಬಹುದು. ನೀವು ಪಟ್ಟಿಯನ್ನೇ ಆರಿಸಿಕೊಂಡಿರಿ. ಇದು ನನಗೆ ಗೊತ್ತಿರುವುದು ಆ ಪಟ್ಟಿ ನಮ್ಮ ಮನೆಯ ಕುಂಕುಮದ ಭರಣಿಯಲ್ಲಿ ಇರುವುದರಿಂದ. ನಿಮ್ಮ ಚಿತೆಯ ಬೂದಿಯಲ್ಲಿ ಎಲುಬು ಆಯುವಾಗ ನಿಮ್ಮ ಮಗಳಿಗೆ ಸಿಕ್ಕಿದ್ದು. ಎಲುಬು ನೀರಿಗೆ ಹೋಯಿತು. ಇದನ್ನು ಏನು ಮಾಡಬೇಕೆಂದು ಯಾವ ಶಾಸ್ತ್ರದಲ್ಲೂ ಹೇಳಿರಲಿಲ್ಲ.

ನಿಮ್ಮ ಒಬ್ಬರ ಗದ್ದದ ಮಾತಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ನಮ್ಮಲ್ಲಿ ಪ್ರತಿ ಬಾಗಿಲನ್ನೂ ಮುಖಪಾಲ ಎಂಬ ಯಂತ್ರ ಕಾಯುತ್ತದೆ: ಮನೆ, ಆಸ್ಪತ್ರೆ, ಪಡಿತರದ ಅಂಗಡಿ, ಬೇಗೆಯ ತಿಂಗಳಲ್ಲಿ ಜನ ತಂಪಿಗೆ ಕೂರುವ ನೆಲಮಾಳಿಗೆ. ಮುಂದೆ ನಿಂತಿರುವುದು ಮನುಷ್ಯರ ಮುಖ ಹೌದೋ ಅಲ್ಲವೋ ಎಂದು ಅದು ಮೊದಲು ನೋಡುತ್ತದೆ. ಹೌದಾದರೆ ಮಾತ್ರ ಕಣ್ಣು ನೋಡಿ ಯಾರೆಂದು ತಿಳಿಯುತ್ತದೆ. ಮನುಷ್ಯರ ಮುಖ ಹೇಗಿರುತ್ತದೆ ಎಂಬುದನ್ನು ಅದು ಕಲಿತದ್ದು ನಿಮ್ಮ ಕಾಲದ ಕೋಟ್ಯಂತರ ಫೋಟೋಗಳಿಂದ. ಅವುಗಳಲ್ಲಿ ಬಹುಪಾಲು ನಿಮ್ಮ ಫೋಟೋದಂಥವೇ. ಯಾರ ಕುತ್ತಿಗೆಯ ಮೇಲೂ ಇರದ ಗದ್ದಗಳು. ಹಾಗಾಗಿ ಹುಟ್ಟಿದಂತೆಯೇ ಇರುವ ಗದ್ದದವರನ್ನು ಅದು ಮನುಷ್ಯರೆಂದು ಒಪ್ಪಲಿಲ್ಲ. ತಪ್ಪು ಬಯಲಾದಾಗ ಸಮಿತಿ ಕೂತಿತು. ಬಾಗಿಲುಗಳಿಗೆ ಮತ್ತೆ ಮೊದಲಿನಿಂದ ಕಲಿಸಲು ಒಂದು ತಲೆಮಾರು ಬೇಕು, ಒಂದು ಗದ್ದ ಸರಿಪಡಿಸಲು ಒಂದು ಮಧ್ಯಾಹ್ನ ಸಾಕು ಎಂದು ವರದಿ ಬಂತು. ಯಾರೂ ಬಲವಂತ ಮಾಡಲಿಲ್ಲ. ಬಾಗಿಲುಗಳು ಮುಚ್ಚಿಯೇ ಇದ್ದವು, ಅಷ್ಟೆ.

ಈಗ ಪಟ್ಟಿ, ತಿರುಪು ಇಲ್ಲ. ಬಿತ್ತೆಲುಬು ಎಂಬುದಿದೆ, ಅಚ್ಚಿನೊಳಗೆ ಬಿತ್ತಿದರೆ ತಾನೇ ಬೆಳೆಯುವ ಎಲುಬು. ಎಲ್ಲಿ ನಿಲ್ಲಬೇಕೆಂಬುದು ಅದಕ್ಕೆ ಗೊತ್ತಿಲ್ಲ, ವರ್ಷಕ್ಕೊಮ್ಮೆ ಹೋಗಿ ತೇಯಿಸಿಕೊಳ್ಳಬೇಕು. ನಾನು ಇಪ್ಪತ್ತರಲ್ಲೇ ಮಾಡಿಸಿಕೊಂಡವನು. ನನ್ನ ಕೆಲಸ ಫಲ ಕೇಳುವುದು: ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷಕ್ಕೆ ಮನೆಗೆ ಹೋಗಿ, ಕಣ್ಣು ಮುಚ್ಚಿಸಿ, ತುಟಿಯ ಮೇಲೂ ಗದ್ದದ ಮೇಲೂ ಹತ್ತಿ ಸವರಿ, ಗೊತ್ತಾಯಿತೇ ಎಂದು ಕೇಳುತ್ತೇನೆ. ದವಡೆಯ ಎರಡೂ ಬದಿಯ ಸಣ್ಣ ರಂಧ್ರಗಳಿಂದ ಹೊರಬರುವ ನರವೇ ಅಲ್ಲಿಗೆ ಸ್ಪರ್ಶ ಕೊಡುವುದು. ನಿಮ್ಮ ಕಾಲದಲ್ಲಿ ಅದು ಜಗ್ಗಿದರೂ ಬಹಳ ಮಂದಿಗೆ ತಿಂಗಳುಗಳಲ್ಲಿ ಸರಿಹೋಗುತ್ತಿತ್ತು, ಕೆಲವರಿಗೆ ಜೋಮು ಉಳಿಯುತ್ತಿತ್ತು. ಬಿತ್ತೆಲುಬು ಆ ರಂಧ್ರವನ್ನೇ ಮುಚ್ಚಿಬಿಡುತ್ತದೆ. ಕಮರಿಪೇಟೆಯ ಮುದುಕಿಯೊಬ್ಬರು ನನ್ನ ಪ್ರಶ್ನೆ ಮುಗಿಯುವ ಮೊದಲೇ ಅಂದರು: ‘ಏನ್ ಕೇಳ್ತಿಯೋ ತಮ್ಮಾ, ಚಾ ಕುಡದ್ರ ಅರ್ಧಾ ನನಗ, ಅರ್ಧಾ ಸೀರಿಗೆ.’ ನಾನು ‘ಸ್ಪರ್ಶವಿಲ್ಲ, ತೃಪ್ತಿಕರ’ ಎಂದು ಬರೆದುಕೊಂಡೆ. ಬಾಗಿಲು ತೆರೆದರೆ ತೃಪ್ತಿಕರ ಎಂದೇ ಬರೆಯಬೇಕು.

ನೀವು ಮಗುವಿನ ಗದ್ದ ಹಿಡಿದು ಮುದ್ದು ಮಾಡುತ್ತೀರಿ. ಮುನಿಸಿಕೊಂಡವರ ಗದ್ದ ಹಿಡಿದು ಊಟಕ್ಕೆ ಎಬ್ಬಿಸುತ್ತೀರಿ. ನಮ್ಮ ಮಾತಿನಲ್ಲಿ ‘ಗದ್ದ ಹಿಡಿದು ಬೇಡಿಕೊಂಡೆ’ ಎಂಬುದು ಇನ್ನೂ ಉಳಿದಿದೆ. ಆದರೆ ಕೈ ಅಲ್ಲಿಗೆ ಹೋಗುವುದಿಲ್ಲ. ಹೋದರೂ ಇನ್ನೊಬ್ಬರಿಗೆ ತಿಳಿಯುವುದಿಲ್ಲ.

ನಮ್ಮ ಮನೆಯಲ್ಲಿ ಒಬ್ಬರ ಕೈ ಮಾತ್ರ ಹೋಗುತ್ತದೆ. ನನ್ನ ತಾಯಿ ಪದ್ಮಲತೆಗೆ ಕಣ್ಣು ಹೋಗಿವೆ, ಕಿವಿ ಬಹಳ ಮಂದ. ಬಂದವರ ಗದ್ದ ಹಿಡಿದು ನೋಡುತ್ತಾರೆ, ಎಲ್ಲರದೂ ಒಂದೇ. ನನ್ನನ್ನು ಓಣಿಯ ಡಾಕ್ಟರೆಂದೂ, ತೀರಿಹೋದ ನನ್ನ ತಂದೆಯೆಂದೂ ಕರೆದಿದ್ದಾರೆ. ತಪ್ಪದೆ ಗುರುತು ಹಿಡಿಯುತ್ತಿದ್ದುದು ನನ್ನ ಮಗಳು ನೇಸರಿಯನ್ನು ಮಾತ್ರ. ಅವಳ ಗದ್ದ ನಿಮ್ಮದೇ ಎಂದು ಮನೆಯ ಮಾತು: ಸಣ್ಣದು, ಹಿಂದಕ್ಕೆ ಸರಿದದ್ದು, ನಡುವೆ ಒಂದು ಗುಳಿ. ಆ ಗುಳಿಗೆ ಹೆಬ್ಬೆರಳು ತಾಗಿದ ಕೂಡಲೇ ಅವರು, ‘ಬಂದ್ಯಾ ನನ್ನ ಕಳ್ಳಿ, ಉಂಡಿಯಿಲ್ಲೋ?’ ಎನ್ನುತ್ತಿದ್ದರು. ದಿನದಲ್ಲಿ ಅವರು ಈ ಲೋಕದಲ್ಲಿ ಇರುತ್ತಿದ್ದುದು ಅಷ್ಟು ಹೊತ್ತು.

ನೇಸರಿಗೆ ಹತ್ತೊಂಬತ್ತು. ಯಾವ ಬಾಗಿಲೂ ಅವಳಿಗೆ ತೆರೆಯುತ್ತಿರಲಿಲ್ಲ. ನನ್ನ ಬೆನ್ನಿಗೆ ಅಂಟಿಕೊಂಡು ದಾಟುತ್ತಿದ್ದಳು. ಈ ಬೇಗೆಯ ಮೊದಲ ವಾರ ನೆಲಮಾಳಿಗೆಯ ಹೊರಗೆ, ನಾನು ಬರುವುದು ತಡವಾಗಿ, ಬಿಸಿಲಿಗೆ ಎಚ್ಚರತಪ್ಪಿ ಬಿದ್ದಿದ್ದಳು. ಎದ್ದ ಮೇಲೆ ಅತ್ತಿರಲಿಲ್ಲ. ‘ಅಪ್ಪಾ, ನೀ ಸತ್ತ ಮ್ಯಾಲೆ ನಾ ಯಾರ ಬೆನ್ನ ಹಿಡೀಲಿ?’ ಎಂದಿದ್ದಳು. ಅವಳ ಅಜ್ಜಿಯ ಕೈ ಇನ್ನು ಯಾರನ್ನು ಗುರುತಿಸೀತು ಎಂಬ ಮಾತು ಬಾಯಿಗೆ ಬಂದಿತ್ತು. ಬಿಸಿಲಲ್ಲಿ ಬಿದ್ದ ಹುಡುಗಿಗೆ ಅದನ್ನು ಹೇಗೆ ಹೇಳುವುದು? ಸೋಮವಾರ ನಾನೇ ಕರೆದುಕೊಂಡು ಹೋದೆ.

ನಿನ್ನೆ ಅವಳು ಮನೆಗೆ ಬಂದಳು. ಬಾಗಿಲು ಅವಳಿಗಾಗಿ ತೆರೆಯಿತು. ತಿರುಗಿ ಹೊರಗೆ ಹೋಗಿ, ಮತ್ತೆ ತೆರೆಸಿ, ಮತ್ತೆ ಒಳಗೆ ಬಂದಳು. ಅಷ್ಟು ಸಂತೋಷವನ್ನು ಅವಳ ಮುಖದ ಮೇಲೆ ನಾನು ನೋಡಿರಲಿಲ್ಲ. ಕೆಳತುಟಿ ಮಾತ್ರ ಜೊತೆಗೂಡಲಿಲ್ಲ. ನೇರವಾಗಿ ತನ್ನ ಅಜ್ಜಿಯ ಮಂಚದ ಬಳಿ ಹೋಗಿ, ಯಾವಾಗಿನಂತೆ ಕಣ್ಣು ಮುಚ್ಚಿ ಬಾಗಿದಳು. ತಾಯಿ ಕೈ ಚಾಚಿ ಗದ್ದ ಹಿಡಿದರು. ಹೆಬ್ಬೆರಳು ಗುಳಿಯನ್ನು ಬಹಳ ಹೊತ್ತು ಹುಡುಕಿತು. ಆಮೇಲೆ ಕೈ ಹಿಂದೆ ತೆಗೆದು, ಸೆರಗು ಸರಿಮಾಡಿಕೊಂಡು, ಅಪರಿಚಿತರ ಮುಂದೆ ಮಾತ್ರ ಬಳಸುವ ದನಿಯಲ್ಲಿ ಅಂದರು: ‘ಬರ್ರಿ, ಕೂಡ್ರಿ. ಯಾರು ಬೇಕಾಗಿತ್ರೀ?’

ಅಜ್ಜಿಯವರೇ, ನೀವು ಹೋಗಬೇಡಿ ಎಂದು ಕೇಳಲು ನನಗೆ ಬಾಯಿಲ್ಲ; ನಾನೂ ಮಗಳನ್ನು ಕರೆದುಕೊಂಡು ಹೋದವನೇ. ಹೋಗುವ ಮುನ್ನ ಒಂದು ಫೋಟೋ ತೆಗೆಸಿಕೊಳ್ಳಿ. ಬದಿಯಿಂದ, ಬೆಳಕಿನಲ್ಲಿ, ಬೆರಳಾಡಿಸದೆ. ಕೋಟಿ ಫೋಟೋಗಳ ನಡುವೆ ಒಂದು ನಿಜವಾದದ್ದಿದ್ದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ, ಗೊತ್ತು. ಆದರೂ ತೆಗೆಸಿಕೊಳ್ಳಿ. ಆಮೇಲೆ ನಿಮ್ಮ ತಾಯಿಯ ಕೈ ತೆಗೆದು ನಿಮ್ಮ ಗದ್ದಕ್ಕೆ ಹಚ್ಚಿಕೊಳ್ಳಿ, ಅವರು ಯಾಕೆಂದು ಕೇಳಿದರೆ ಏನೂ ಹೇಳಬೇಡಿ.

ನೇಸರಿ ಈಗಷ್ಟೇ ಬಂದು ನನ್ನ ಪಕ್ಕ ಕೂತಳು. ನಿನ್ನೆ ಅಜ್ಜಿ ಯಾಕೆ ಹಾಗಂದರು, ತನ್ನ ಗದ್ದ ಹಿಡಿಯಲೇ ಇಲ್ಲವಲ್ಲ ಎಂದು ಕೇಳುತ್ತಿದ್ದಾಳೆ.

ನಿಮ್ಮ,
ಧರಣೇಂದ್ರ